ಬಿಲ್ ಬಾಕಿಗೆ ಬಡ್ಡಿ: ದಿನ ಎಣಿಸುವುದು ಎಲ್ಲಿಂದ?

ಹುಬ್ಬಳ್ಳಿ ಗೋಕುಲ ರಸ್ತೆಯ ಲೇತ್ ವರ್ಕ್‌ಶಾಪ್, ತಾರಿಹಾಳದ ಫ್ಯಾಬ್ರಿಕೇಶನ್ ಶೆಡ್, ಗದಗಿನ ಪ್ರಿಂಟಿಂಗ್ ಪ್ರೆಸ್ಸು, ಎಲ್ಲೇ ಇರಲಿ, ಮಾಲು ಕಳಿಸಿ ದುಡ್ಡಿಗೆ ತಿಂಗಳುಗಟ್ಟಲೆ ಕಾಯಬೇಕಾದಾಗ ಆ ಕಾಯುವಿಕೆಗೆ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಬಡ್ಡಿ ಕೊಡಿಸುತ್ತದೆ. ಕಾಗದಪತ್ರ ಸರಿಯಿದ್ದರೆ.

ಮೊದಲು ಉದ್ಯಮ್ ನೋಂದಣಿ, ಅಂದರೆ ನಿಮ್ಮ ಘಟಕವನ್ನು ಇಂಥ ಉದ್ಯಮವೆಂದು ಸರ್ಕಾರದಲ್ಲಿ ದಾಖಲಿಸುವುದು. ಸರ್ಕಾರಿ ಪೋರ್ಟಲ್‌ನಲ್ಲಿ ಇದು ಪೂರ್ತಿ ಉಚಿತ. ಆರ್ಡರ್ ಒಪ್ಪಿಕೊಳ್ಳುವ ಮುನ್ನವೇ ಮಾಡಿಸಿಕೊಳ್ಳಿ. ದುಡ್ಡು ಸಿಕ್ಕಿಬಿದ್ದ ಮೇಲೆ ನೋಂದಾಯಿಸಿ ಹಳೆಯ ಬಿಲ್ಲಿಗೆ ಬಡ್ಡಿ ಕೇಳಿದವರು ನ್ಯಾಯಾಲಯದಲ್ಲಿ ಸೋತಿದ್ದಾರೆ. ಈ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗಷ್ಟೇ. ಮಧ್ಯಮ ಉದ್ಯಮಕ್ಕಿಲ್ಲ, ಬರೀ ವ್ಯಾಪಾರಕ್ಕೂ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೊಂಡು ಮಾರುವ ಅಂಗಡಿಗೂ ಉದ್ಯಮ್ ಸಂಖ್ಯೆ ಸಿಗುತ್ತದೆ, ಆದರೆ ಅದು ಆದ್ಯತಾ ವಲಯದ (ಬ್ಯಾಂಕುಗಳು ಸಾಲದ ಒಂದು ಪಾಲನ್ನು ಕೊಡಲೇಬೇಕಾದ ವಲಯಗಳ) ಬ್ಯಾಂಕ್ ಸಾಲಕ್ಕೆ ಮಾತ್ರ. ಅದೇ ಕಾಯಿ ಕುಟ್ಟಿ ಪುಡಿ ಮಾಡಿ ಮಾರುವ ಘಟಕ ಬಡ್ಡಿ ಕೇಳಬಹುದು.

ಜಗಳವೆಲ್ಲ ಹುಟ್ಟುವುದು ದಿನದ ಲೆಕ್ಕದಲ್ಲಿ. ಎಣಿಕೆ ಶುರುವಾಗುವುದು ಇನ್ವಾಯ್ಸ್ ತಾರೀಖಿನಿಂದಲ್ಲ, ಮಾಲು ತಲುಪಿದ ದಿನದಿಂದ. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಒಪ್ಪಂದವಿದ್ದರೆ ಅದರಲ್ಲಿ ಬರೆದಷ್ಟು, ಆದರೆ 45 ದಿನ ಮೀರುವಂತಿಲ್ಲ. ಪರ್ಚೇಸ್ ಆರ್ಡರ್‌ನಲ್ಲಿ 90 ದಿನ ಎಂದಿದ್ದರೂ 45ಕ್ಕೇ ಗಡುವು ಮುಗಿಯಿತು. ಕೊಂಡವರು 15 ದಿನದೊಳಗೆ ಲಿಖಿತವಾಗಿ ತಕರಾರು ಎತ್ತಿದರೆ, ನೀವು ಅದನ್ನು ಸರಿಪಡಿಸಿದ ದಿನದಿಂದ ಎಣಿಕೆ. ಆದ್ದರಿಂದ ಡೆಲಿವರಿ ಚಲನ್‌ನ ನಿಮ್ಮ ಪ್ರತಿಯ ಮೇಲೆ ಸಹಿ, ಸೀಲಿನ ಜೊತೆ ತಾರೀಖೂ ಇರಲೇಬೇಕು. ಲಾರಿ ಚಾಲಕನಿಗೆ ಇದನ್ನು ಒತ್ತಿ ಹೇಳಿ ಕಳಿಸಿ. ತಾರೀಖಿಲ್ಲದ ಚಲನ್ ಕೇಸನ್ನೇ ಕೆಡಿಸುತ್ತದೆ.

ಬಡ್ಡಿ ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ರೆಪೊ ದರ ಹಿಡಿದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ, ಅದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬೇರೆ ದರ.

2 ಲಕ್ಷ ರೂಪಾಯಿಯ ಮಾಲು 2024ರ ಜೂನ್ 1ರಂದು ತಲುಪಿತು, ಒಪ್ಪಂದವಿಲ್ಲ ಎಂದುಕೊಳ್ಳಿ. ಗಡುವು ಜೂನ್ 16ಕ್ಕೆ ತೀರಿತು, 17ರಿಂದ ಬಡ್ಡಿ. ಆಗ ಬ್ಯಾಂಕ್ ರೇಟ್ ಶೇ 6.75, ಮೂರು ಪಟ್ಟು ಎಂದರೆ ವರ್ಷಕ್ಕೆ ಶೇ 20.25, ತಿಂಗಳಿಗೆ ಶೇ 1.6875. ಡಿಸೆಂಬರ್ 17ಕ್ಕೆ ಆರು ತಿಂಗಳಾಗಿ ಬಡ್ಡಿ ಸುಮಾರು 21,124 ರೂಪಾಯಿ. ಸರಳ ಬಡ್ಡಿಯಾಗಿದ್ದರೆ 20,250. ಬ್ಯಾಂಕ್ ರೇಟ್ ನಡುವೆ ಬದಲಾದರೆ ಆ ತಾರೀಖಿನಲ್ಲಿ ಲೆಕ್ಕ ತುಂಡು ಮಾಡಿ. ‘ತಡವಾದರೆ ಬಡ್ಡಿ ಇಲ್ಲ’ ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದರೂ 16ನೇ ಕಲಂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೇರ ದೂರಿಗಿಂತ ಮೊದಲು ಲೆಕ್ಕದ ಹಾಳೆ ಲಗತ್ತಿಸಿ ರಿಜಿಸ್ಟರ್ಡ್ ಪತ್ರ ಕಳಿಸಿ. ಅದರಲ್ಲಿ ತೆರಿಗೆಯ ಮಾತನ್ನೂ ಬರೆಯಿರಿ: ಗಡುವು ಮೀರಿದ ಬಾಕಿಯನ್ನು ಕೊಂಡವರು ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು, ಬಡ್ಡಿಯನ್ನಂತೂ ಖರ್ಚೆಂದು ಕಳೆಯುವಂತೆಯೇ ಇಲ್ಲ. ಇನ್ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಮಾರ್ಚ್ ಬರುವ ಮುನ್ನ ಅವರ ಸಿಎ ತಾವಾಗಿ ನಿಮ್ಮ ಬಿಲ್ ಹುಡುಕುತ್ತಾರೆ. ಅನೇಕ ಬಾಕಿ ಇಷ್ಟರಲ್ಲೇ ತೀರುತ್ತವೆ.

ತೀರದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿ ವ್ಯಾಜ್ಯ ಬಗೆಹರಿಸಲು ಈ ಕಾಯ್ದೆಯಡಿ ರಾಜ್ಯ ಸರ್ಕಾರ ರಚಿಸಿದ ಮಂಡಳಿ) ಆನ್‌ಲೈನ್ ಅರ್ಜಿ. ಪರ್ಚೇಸ್ ಆರ್ಡರ್, ಇನ್ವಾಯ್ಸ್, ಚಲನ್, ಉದ್ಯಮ್ ಪ್ರಮಾಣಪತ್ರ, ಲೆಡ್ಜರ್ ಸ್ಕ್ಯಾನ್ ಮಾಡಿಟ್ಟುಕೊಳ್ಳಿ; ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಮೊದಲು ಸಂಧಾನ, ಫಲಿಸದಿದ್ದರೆ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ಕೊಡುವ ತೀರ್ಪು. ತೀರ್ಮಾನಕ್ಕೆ ಕಾಯ್ದೆ 90 ದಿನ ಎನ್ನುತ್ತದೆ, ಅದಕ್ಕಿಂತ ಹೆಚ್ಚು ಕಾಯಲು ಸಿದ್ಧರಿರಿ. ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಖರೀದಿದಾರರು ಮೊತ್ತದ ಶೇ 75ರಷ್ಟನ್ನು ಮೊದಲೇ ಠೇವಣಿ ಇಡಬೇಕು. ಆರ್ಬಿಟ್ರೇಶನ್‌ಗೆ ಕಾಲಮಿತಿ ಕಾಯ್ದೆ ಅನ್ವಯಿಸುವುದರಿಂದ ಬಾಕಿಗೆ ಮೂರು ವರ್ಷ ತುಂಬುವುದರೊಳಗೆ ಅರ್ಜಿ ಹೋಗಿರಬೇಕು.