ಹಸಿರುಗಟ್ಟಿದ ಕೆರೆಯನ್ನು ನಾವು ತಿಳಿಯಾಗಿಸಿದ್ದು ಹೀಗೆ

ಕೆರೆ ಹಸಿರುಗಟ್ಟಿದರೆ ಎಲ್ಲರೂ ಮೊದಲು ಕೈಹಾಕುವುದು ನೀರಿಗೇ. ಪಾಚಿ ಬಾಚುತ್ತಾರೆ, ಮೈಲುತುತ್ತ ಚೆಲ್ಲುತ್ತಾರೆ, ನಡುವೆ ಕಾರಂಜಿ ಕೂರಿಸುತ್ತಾರೆ. ಮೈಲುತುತ್ತಕ್ಕೆ ಪಾಚಿ ಸಾಯುವುದೇನೋ ನಿಜ. ಆದರೆ ಸತ್ತ ಪಾಚಿ ಒಡೆದು ತನ್ನೊಳಗಿನ ಪೋಷಕಾಂಶವನ್ನೆಲ್ಲ ನೀರಿಗೇ ಬಿಡುತ್ತದೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ. ಒಂದು ಸಣ್ಣ ಕೆರೆಯನ್ನು ಉಳಿಸಿಕೊಳ್ಳಲು ಕೆಲವರು ಜೊತೆಗೂಡಿ ಹೊರಟಾಗ ನಾವು ಇದಾವುದನ್ನೂ ಮಾಡಲಿಲ್ಲ. ನೀರು ಎಲ್ಲಿಂದ ಬರುತ್ತದೋ ಅತ್ತ ನಡೆದೆವು.

ಇದಕ್ಕೆ ಬಲವಾದ ಕಾರಣವಿತ್ತು. ಸಿಹಿನೀರಿನ ಕೆರೆಗಳಲ್ಲಿ ಪಾಚಿ ಎಷ್ಟು ಬೆಳೆಯಬೇಕೆಂಬುದನ್ನು ಬಹುಪಾಲು ತೀರ್ಮಾನಿಸುವುದು ರಂಜಕ (ಫಾಸ್ಫರಸ್). 1973ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು '226' ಎಂಬ ಸಂಖ್ಯೆಯ ಸರೋವರವನ್ನು ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿದರು. ಒಂದು ಬದಿಗೆ ಇಂಗಾಲ, ಸಾರಜನಕ ಮಾತ್ರ ಸೇರಿಸಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಬದಿ ದಟ್ಟ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ನೀರಿನಲ್ಲಿ ತೇಲುವ ಸಸ್ಯಜೀವಿಗಳ ದೇಹದಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ, 1 ರಂಜಕ ಎಂಬ ಪ್ರಮಾಣವಿದೆ. ತೂಕದಲ್ಲಿ ಲೆಕ್ಕ ಹಾಕಿದರೆ, ಒಂದು ಗ್ರಾಂ ರಂಜಕ ಸಿಕ್ಕರೆ ಸುಮಾರು 41 ಗ್ರಾಂ ಇಂಗಾಲವನ್ನು ಪಾಚಿ ಮೈಗೂಡಿಸಿಕೊಳ್ಳಬಲ್ಲದು. ಹೊಲಕ್ಕೆ ಹಾಕಿದ ಗೊಬ್ಬರ, ಚರಂಡಿ ನೀರು, ಕೆಲವು ಬಟ್ಟೆ ತೊಳೆಯುವ ಪುಡಿಗಳು, ಸಗಣಿ, ಕೊಚ್ಚಿಹೋದ ಮೇಲ್ಮಣ್ಣು, ಇವೆಲ್ಲದರಲ್ಲೂ ರಂಜಕವಿದೆ. ಹಾಗಾಗಿ ನೀರಿನ ಬಣ್ಣ ಮೇಲಿನ ನೆಲದ ಮೇಲೆ ನಾವು ಮಾಡಿದ ಕೆಲಸಗಳ ಲೆಕ್ಕ ಹೇಳುತ್ತಿರುತ್ತದೆ.

ಮೊದಲು ನಡೆದದ್ದು ಮಳೆಯಿಲ್ಲದ ದಿನಗಳಲ್ಲಿ. ಕೆರೆ ಕೆಲಸಕ್ಕಿಳಿಯುವ ಯಾರಿಗಾದರೂ ನಾನು ಇದನ್ನೇ ಮೊದಲು ಹೇಳುತ್ತೇನೆ: ವಾರಗಟ್ಟಲೆ ಮಳೆ ಬೀಳದಿದ್ದರೂ ಯಾವ ಕಾಲುವೆಯಲ್ಲಿ ನೀರು ಹರಿಯುತ್ತಿದೆಯೋ ಅಲ್ಲಿ ಊಟೆಯಾದರೂ ಇರಬೇಕು, ಮನೆಗಳ ಕೊಳಚೆಯಾದರೂ ಇರಬೇಕು. ಕಾಲುವೆಗಳು ಕೂಡುವ ಪ್ರತಿ ಜಾಗದಲ್ಲೂ ಬಾಟಲಿ ತುಂಬಿಕೊಂಡೆವು. ನೀರಿನಲ್ಲಿ ಕರಗಿದ ರಂಜಕ ಸಾಮಾನ್ಯವಾಗಿ ಫಾಸ್ಫೇಟ್ ರೂಪದಲ್ಲಿರುತ್ತದೆ. ಅದನ್ನು ಅಳೆಯುವ ಸುಲಭದ ಕಿಟ್‌ನಲ್ಲಿ ಮಾಲಿಬ್ಡೇಟ್ ಎಂಬ ರಾಸಾಯನಿಕ ಇರುತ್ತದೆ. ಹನಿ ಬೆರೆಸಿದಾಗ ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು. ಕಾಲುವೆಗುಂಟ ಮೇಲೇರುತ್ತಾ ಹೋದಂತೆ ಒಂದು ಕವಲಿನಲ್ಲಿ ನೀಲಿ ಕಡಿಮೆಯಾಗುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಏರುವ ಕವಲನ್ನೇ ಹಿಡಿದು ಹೋದರೆ ಮೂಲ ಸಿಗುತ್ತದೆ.

ಮಳೆ ಬರುವಾಗ ನಡೆಯುವುದು ಬೇರೆಯೇ ಕಥೆ. ರಂಜಕದ ದೊಡ್ಡ ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಬರುತ್ತದೆ, ಅದರಲ್ಲೂ ಮೊದಲ ಜೋರು ಮಳೆಯಲ್ಲಿ. ಕೆಂಪಗೆ ಕದಡಿದ ನೀರು ಯಾವ ಇಳಿಜಾರಿನಿಂದ ಇಳಿಯುತ್ತಿದೆ ಎಂದು ಕಣ್ಣಲ್ಲೇ ಕಾಣುತ್ತದೆ. ಅಲ್ಲಿನ ರೈತರ ಜೊತೆ ಕೂತು ಮಾತಾಡಿದೆವು. ಗೊಬ್ಬರ ಹಾಕಬೇಡಿ ಎನ್ನುವ ಹಕ್ಕು ನಮಗಿರಲಿಲ್ಲ, ಹಾಗೆ ಹೇಳಲೂ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ಒಂದೇ ಸಲಕ್ಕೆ ಸುರಿಯದೆ ಕಂತಿನಲ್ಲಿ ಕೊಡುವುದು, ಮಳೆ ಬರುವ ಹೊತ್ತಿನಲ್ಲಿ ಕೊಡದಿರುವುದು, ಕಾಲುವೆಯಂಚಿಗೆ ಉಳದೆ ಹುಲ್ಲಿನ ಪಟ್ಟಿ ಬಿಡುವುದು, ಕೇಳಿಕೊಂಡದ್ದು ಇಷ್ಟೇ. ಕೊಚ್ಚಿಹೋಗುವುದು ಅವರದೇ ಫಲವತ್ತಾದ ಮೇಲ್ಮಣ್ಣಾದ್ದರಿಂದ ಮಾತು ಬೇಗ ನಾಟಿತು. ಹುಲ್ಲಿನ ಪಟ್ಟಿ ಮಣ್ಣನ್ನು ತಡೆಯುತ್ತದೆ, ಕರಗಿದ ರಂಜಕವನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕಾಗಿ ಕೆರೆಯ ಬಾಯಿಯಲ್ಲಿ ಒಂದು ಹೂಳುಗುಂಡಿ, ಅದರ ಮುಂದೆ ಜೊಂಡಿನ ಹಾಸು ಮಾಡಿದೆವು. ಗುಂಡಿಯ ಹೂಳನ್ನು ವರ್ಷ ವರ್ಷ ಎತ್ತಲೇಬೇಕು. ಜೊಂಡನ್ನೂ ಒಣಗಿ ಬೀಳುವ ಮುಂಚೆ ಕೊಯ್ದು ದೂರ ಸಾಗಿಸಬೇಕು, ದಡದಲ್ಲೇ ರಾಶಿ ಹಾಕಿದರೆ ಹೀರಿದ್ದೆಲ್ಲ ಮುಂದಿನ ಮಳೆಗೆ ವಾಪಸ್ ಬರುತ್ತದೆ. ಜೊಂಡು ನೆಡುವವರು ಬಹಳ ಮಂದಿ, ಕೊಯ್ಯುವವರು ಕಡಿಮೆ. ಕೆಲಸ ನಿಜಕ್ಕೂ ನಡೆಯುವುದು ಕೊಯ್ಯುವುದರಿಂದ.

ಇಷ್ಟಾದ ಮೇಲೂ ಕೆರೆ ಹಸಿರಾಗಿಯೇ ಇತ್ತು! ಜನ ತಾಳ್ಮೆ ಕಳೆದುಕೊಳ್ಳುವುದು ಈ ಹಂತದಲ್ಲೇ. ವರ್ಷಾನುಗಟ್ಟಲೆ ತಳಕ್ಕಿಳಿದ ರಂಜಕ ಹೂಳಿನಲ್ಲಿ ಕಬ್ಬಿಣದ ಜೊತೆ ಬಂಧಿಯಾಗಿ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಇರುವವರೆಗೆ ಆ ಬಂಧ ಗಟ್ಟಿ. ಬೇಸಿಗೆಯಲ್ಲಿ ತಳದ ಆಮ್ಲಜನಕ ಮುಗಿದರೆ ಕಬ್ಬಿಣ ಕರಗುತ್ತದೆ, ರಂಜಕ ಮೇಲೇಳುತ್ತದೆ. ಹೊರಗಿನ ಬಾಗಿಲು ಮುಚ್ಚಿದ ಮೇಲೂ ಕೆರೆ ತನ್ನ ಹಳೆಯ ದಾಸ್ತಾನಿನಿಂದ ಪಾಚಿಯನ್ನು ಸಾಕುತ್ತಿರುತ್ತದೆ. ಆಮ್ಲಜನಕ ಅಳೆಯುವುದಾದರೆ ನಸುಕಿನಲ್ಲೇ ಅಳೆಯಬೇಕು. ಮಧ್ಯಾಹ್ನ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಅಳತೆ ಚೆನ್ನಾಗಿಯೇ ತೋರುತ್ತದೆ. ರಾತ್ರಿಯಿಡೀ ಎಲ್ಲ ಜೀವಿಗಳೂ ಉಸಿರಾಡಿದ ಮೇಲೆ ಉಳಿದದ್ದೆಷ್ಟು ಎಂಬುದೇ ಮೀನಿನ ಅಳಿವು ಉಳಿವಿನ ಪ್ರಶ್ನೆ.

ಪೂರ್ತಿ ಹೂಳೆತ್ತಿಬಿಡಿ ಎಂದು ಒತ್ತಾಯ ಬಂತು. ನಾವು ಆಳದ ಭಾಗದಲ್ಲಿ ಮಾತ್ರ ಎತ್ತಿಸಿ ಅಂಚಿನ ತೆಳುನೀರನ್ನು ಮುಟ್ಟದೆ ಬಿಟ್ಟೆವು. ನೀರುಸಸ್ಯಗಳ ಬೀಜ, ಪಾಚಿ ತಿನ್ನುವ ಡ್ಯಾಫ್ನಿಯಾದಂಥ ಪುಟ್ಟ ಜೀವಿಗಳ ಮೊಟ್ಟೆ, ಎಲ್ಲ ಆ ಕೆಸರಿನಲ್ಲೇ ನಿದ್ರಿಸುತ್ತಿರುತ್ತವೆ. ಯಂತ್ರ ಇಳಿಸಿ ತಟ್ಟೆಯಂತೆ ನುಣ್ಣಗೆ ಕೆರೆದರೆ ಕೆರೆ ತಾನಾಗಿ ಚೇತರಿಸುವ ಶಕ್ತಿಯೇ ಹೋಗುತ್ತದೆ. ಸುತ್ತ ಕಲ್ಲಿನ ಗೋಡೆ ಕಟ್ಟುವುದಕ್ಕೂ ನಾನು ಅದೇ ಕಾರಣಕ್ಕೆ ವಿರೋಧಿ.

ಮೀನು ಬಿಡುವ ವಿಷಯದಲ್ಲಿ ಜಗಳವೇ ಆಯಿತು. ಸೊಳ್ಳೆಗೆಂದು ಗ್ಯಾಂಬೂಸಿಯಾ ಬಿಡಿ, ಕಳೆಗೆಂದು ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಬಿಡಿ ಎಂಬ ಸಲಹೆಗಳು. ಉತ್ತರ ಅಮೆರಿಕದ ಗ್ಯಾಂಬೂಸಿಯಾವನ್ನು ಸೊಳ್ಳೆಯ ಹೆಸರಿನಲ್ಲಿ ಲೋಕದ ಉದ್ದಗಲಕ್ಕೂ ಬಿಟ್ಟಿದ್ದಾರೆ. ಅದು ಡ್ಯಾಫ್ನಿಯಾವನ್ನೂ ನುಂಗುತ್ತದೆ, ಡ್ಯಾಫ್ನಿಯಾ ಹೋದರೆ ಪಾಚಿಗೆ ತಡೆಯೇ ಇಲ್ಲ. ಹುಲ್ಲುಗೆಂಡೆ ನೀರೊಳಗಿನ ಗಿಡಗಳನ್ನೇ ಮೇಯುತ್ತದೆ. ಆಳವಿಲ್ಲದ ಕೆರೆಯಲ್ಲಿ ಗಿಡ ತುಂಬಿದ ತಿಳಿನೀರು ಒಂದು ಸ್ಥಿತಿ, ಪಾಚಿ ತುಂಬಿದ ಹಸಿರು ನೀರು ಇನ್ನೊಂದು. ಎರಡೂ ತಮ್ಮನ್ನು ತಾವೇ ಉಳಿಸಿಕೊಳ್ಳುತ್ತವೆ. ಗಿಡ ಹೋದರೆ ಮೊದಲನೆಯದಕ್ಕೆ ಮರಳುವುದು ಬಲು ಕಷ್ಟ. ಮೀನು ಬಿಡದೆ ಹೋದದ್ದು ನಮ್ಮ ಇಡೀ ಕೆಲಸದಲ್ಲೇ ಅತ್ಯಂತ ಮುಖ್ಯ ನಿರ್ಧಾರ ಎಂದು ಈಗಲೂ ನಂಬಿದ್ದೇನೆ. ಸೊಳ್ಳೆ ಮರಿಗಳನ್ನು ತಿನ್ನಲು ಅಂಚಿನ ಗಿಡಗಳಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳು ತಾವಾಗಿ ಬಂದವು.

ಜನರ ನಂಬಿಕೆ ಉಳಿಸಿದ್ದು ಒಂದು ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ಖಗೋಳವಿಜ್ಞಾನಿ ಏಂಜಲೋ ಸೆಕ್ಕಿ ಕಡಲ ನೀರಿನ ತಿಳಿಯನ್ನು ಅಳೆಯಲು ಬಿಳಿ ತಟ್ಟೆಗಳನ್ನು ಇಳಿಸಿದ್ದರು. ಕೆರೆಗಳಿಗೆ ಈಗ ಬಳಸುವುದು 20 ಸೆಂಟಿಮೀಟರ್ ಅಗಲದ ಕಪ್ಪುಬಿಳಿ ತಟ್ಟೆ. ಹಗ್ಗ ಕಟ್ಟಿ ಇಳಿಸಿ, ಕಣ್ಮರೆಯಾಗುವ ಆಳ ಬರೆದಿಡುವುದಷ್ಟೇ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅಳೆದು ದಡದ ಹಲಗೆಯ ಮೇಲೆ ಬರೆದೆವು. ಮಕ್ಕಳೂ ಅಳೆಯಬಲ್ಲರು. ಅಂಕಿ ಕದಲದ ತಿಂಗಳುಗಳಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಉದಾಹರಣೆ ಹೇಳುತ್ತಿದ್ದೆ. ಅಲ್ಲಿ 1955ರಲ್ಲಿ ನೀಲಿಹಸಿರು ಪಾಚಿ ಕಾಣಿಸಿದಾಗ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಎಂಬ ವಿಜ್ಞಾನಿ ಮುಂದಾಗುವುದನ್ನು ಬಿಡಿಸಿ ಹೇಳಿದರು. 1963ರಿಂದ 1968ರವರೆಗೆ ಚರಂಡಿ ನೀರನ್ನು ಹಂತಹಂತವಾಗಿ ಬೇರೆಡೆಗೆ ತಿರುಗಿಸಿದರು, ಸಂಸ್ಕರಿಸಿದ್ದನ್ನೂ ಸೇರಿಸಿ. ಸರೋವರ ತಿಳಿಯಾಯಿತು.

ನಮ್ಮ ಕೆರೆಯಲ್ಲಿ ತಟ್ಟೆ ಈಗ ಮೊದಲಿಗಿಂತ ಸಾಕಷ್ಟು ಆಳದವರೆಗೆ ಕಾಣುತ್ತದೆ, ನೀರೊಳಗಿನ ಗಿಡಗಳು ಅಂಚಿನಿಂದ ಒಳಕ್ಕೆ ಹಬ್ಬುತ್ತಿವೆ. ಕಾಲುವೆಯ ಮೇಲ್ಭಾಗದಲ್ಲಿ ಹೊಸ ಮನೆಗಳು ಏಳುತ್ತಿವೆ. ಒಣಗಾಲದ ಇತ್ತೀಚಿನ ನಡಿಗೆಯಲ್ಲಿ, ಒಣಗಿರಬೇಕಿದ್ದ ಒಂದು ಕವಲಿನಲ್ಲಿ ನೀರು ಕಂಡಿದೆ, ಪರೀಕ್ಷೆಯಲ್ಲಿ ನೀಲಿಯೂ ಬಂದಿದೆ. ಅದರ ಮೂಲವಾದ ಮನೆಗಳವರೊಡನೆ ಮಾತುಕತೆ ನಡೆಯುತ್ತಿದೆ. ಮಳೆ ಹಿಡಿಯುವುದರೊಳಗೆ ಆ ಕೊಳಚೆಯನ್ನು ಅಲ್ಲೇ ಸಂಸ್ಕರಿಸುವ ಏರ್ಪಾಡು ಆಗಬೇಕು.