ಗಡಿನಾಡಿನ ಕುಟುಂಬ ವೈದ್ಯರು ತಮ್ಮ ಘಟಕ ಕಟ್ಟುವುದು ಹೇಗೆ?

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲೋ ಬಾಯಾರಿನಲ್ಲೋ ಒಬ್ಬರೇ ಕ್ಲಿನಿಕ್ ನಡೆಸುವ ವೈದ್ಯರಿಗೆ ಒಂದು ಸಂಶಯ ಬಂತು ಅಂದುಕೊಳ್ಳಿ. ಕೇಳಲು ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಡಾಕ್ಟರ್ ಇರುವುದಿಲ್ಲ. ಮಗುವಿನ ಕೆಮ್ಮು, ಬಿ.ಪಿ., ಶುಗರ್, ಮಲಗಿದಲ್ಲೇ ಇರುವ ಅಜ್ಜಿ, ಎಲ್ಲವನ್ನೂ ಒಬ್ಬರೇ ನೋಡಬೇಕು. ಇಂಥವರಿಗೆ ಹತ್ತಿರದ ನಾಲ್ಕು ಜನರ ಗುಂಪು ದೊಡ್ಡ ಸಮ್ಮೇಳನಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಥ ಗುಂಪನ್ನು ವೈದ್ಯರ ದೊಡ್ಡ ಸಂಸ್ಥೆಯೊಂದರ ಸ್ಥಳೀಯ ಘಟಕವಾಗಿ ಕಟ್ಟಬಹುದು. ಇದು ಹೊಸ ಯೋಚನೆಯಲ್ಲ. ಬ್ರಿಟನ್ನಿನಲ್ಲಿ 1952ರಲ್ಲಿ ಶುರುವಾದ ಜನರಲ್ ಪ್ರಾಕ್ಟೀಷನರ್‌ಗಳ ಕಾಲೇಜಿಗೆ ಪ್ರದೇಶವಾರು ಘಟಕಗಳಿವೆ. ಕುಟುಂಬ ವೈದ್ಯರ ಜಾಗತಿಕ ಒಕ್ಕೂಟ ‘ವೊಂಕಾ’ ಹುಟ್ಟಿದ್ದು 1972ರಲ್ಲಿ. ಅದರಲ್ಲಿ ಹಳ್ಳಿಯ ವೈದ್ಯಕೀಯ ಸೇವೆ, ಮಾನಸಿಕ ಆರೋಗ್ಯ ಮುಂತಾದ ವಿಷಯಗಳಿಗೆ ಬೇರೆ ಬೇರೆ ಗುಂಪುಗಳಿವೆ. ನಮ್ಮ ದೇಶದಲ್ಲಿ 2010ರಲ್ಲಿ ಆರಂಭವಾದ ಅಕಾಡೆಮಿ ಆಫ್ ಫ್ಯಾಮಿಲಿ ಫಿಸಿಷಿಯನ್ಸ್ ಆಫ್ ಇಂಡಿಯಾಕ್ಕೆ ರಾಜ್ಯ ಘಟಕಗಳಿವೆ.

ಮೊದಲ ಕೆಲಸ, ಮಾತೃಸಂಸ್ಥೆಯ, ಅಂದರೆ ಘಟಕ ಸೇರಬೇಕಾದ ಇಂಥ ದೊಡ್ಡ ಸಂಸ್ಥೆಯ ಸದಸ್ಯರಾಗಿ ಅದರ ಬೈಲಾ (ನಿಯಮಾವಳಿ) ತರಿಸಿ ಓದುವುದು. ಘಟಕಕ್ಕೆ ಕಡಿಮೆ ಅಂದರೆ ಎಷ್ಟು ಸದಸ್ಯರು ಬೇಕು, ಒಪ್ಪಿಗೆ ಕೊಡುವವರು ಯಾರು, ಸದಸ್ಯತ್ವದ ಹಣದಲ್ಲಿ ಘಟಕಕ್ಕೆ ಪಾಲು ಇದೆಯೇ ನೋಡಿಕೊಳ್ಳಿ. ಕಾಸರಗೋಡಿನವರು ಇನ್ನೊಂದನ್ನೂ ಕೇಳಬೇಕು. ಇಲ್ಲಿ ಕ್ಲಿನಿಕ್ ನಡೆಸಲು ಕೇರಳದ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಆದರೆ ಹಲವರು ಓದಿದ್ದು, ಗೆಳೆಯರಿರುವುದು ಮಂಗಳೂರಿನಲ್ಲಿ. ಹಾಗಾದರೆ ಸೇರುವುದು ಯಾವ ರಾಜ್ಯದ ಘಟಕಕ್ಕೆ? ಇದನ್ನು ಶುರುವಿನಲ್ಲೇ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಮುಂದೆ ಜನ ಸೇರಿಸುವುದು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಹೀಗೆ ಒಂದೊಂದು ಪೇಟೆಯಿಂದ ಒಬ್ಬರಾದರೂ ಇರಲಿ. ಖಾಸಗಿಯವರು ಮಾತ್ರ ಸಾಲದು. ಕೇರಳದಲ್ಲಿ 2017ರಲ್ಲಿ ಆರಂಭವಾದ ‘ಆರ್ದ್ರಂ’ ಯೋಜನೆಯಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾಡುತ್ತಿದ್ದಾರೆ. ಅಲ್ಲಿನ ವೈದ್ಯರೂ ಬೇಕು. ರೋಗಿ ಇಬ್ಬರ ಹತ್ತಿರವೂ ಹೋಗುತ್ತಾರೆ, ಅಲ್ವಾ?

ಮೊದಲ ಸಭೆಯನ್ನು ಭಾನುವಾರ ಮಧ್ಯಾಹ್ನದ ಮೇಲೆ ಇಡಿ. ಕ್ಲಿನಿಕ್ ಹೊತ್ತಿನಲ್ಲಿ ಕರೆದರೆ ಯಾರೂ ಬರುವುದಿಲ್ಲ. ಸ್ವಾಗತ, ಹಾರ, ಭಾಷಣ ಬೇಡ. ಇಬ್ಬರು ತಮ್ಮ ಒಂದೊಂದು ಕಷ್ಟದ ಕೇಸ್ ಹೇಳಲಿ, ಉಳಿದವರು ಚರ್ಚೆ ಮಾಡಲಿ. ಕನ್ನಡ, ಮಲಯಾಳ, ತುಳು, ಯಾವುದು ಸುಲಭವೋ ಅದರಲ್ಲೇ ಮಾತು ನಡೆಯಲಿ. ಸಭೆಯ ಟಿಪ್ಪಣಿ ಮಾತ್ರ ಎಲ್ಲರಿಗೂ ಓದಲು ಬರುವ ಒಂದು ಭಾಷೆಯಲ್ಲಿರಲಿ. ಸಂಚಾಲಕರು, ಕಾರ್ಯದರ್ಶಿ, ಖಜಾಂಚಿ, ಶುರುವಿಗೆ ಇಷ್ಟು ಸಾಕು.

ವಿಶೇಷ ಆಸಕ್ತಿಯ ಗುಂಪು, ಅಂದರೆ ಘಟಕದೊಳಗೆ ಒಂದೇ ವಿಷಯ ಹಿಡಿದು ಕೆಲಸ ಮಾಡುವ ಗುಂಪು, ಹುಟ್ಟಬೇಕಾದದ್ದು ಈ ಸಭೆಗಳಿಂದಲೇ. ಹೆಸರು ಚೆನ್ನಾಗಿದೆ ಎಂದು ಸುಮ್ನೆ ಒಂದು ವಿಷಯ ಆರಿಸಬೇಡಿ. ಕ್ಲಿನಿಕ್‌ಗೆ ಮತ್ತೆ ಮತ್ತೆ ಬರುವ ತೊಂದರೆ ಯಾವುದು ನೋಡಿ. ನಮ್ಮ ಜಿಲ್ಲೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಿಂತು ಎರಡು ದಶಕ ದಾಟಿದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮನೆಗಳಲ್ಲಿ ಅದರ ಬಾಧೆಗೆ ಸಿಕ್ಕ, ಇಂದಿಗೂ ಆರೈಕೆ ಬೇಕಾದವರಿದ್ದಾರೆ. ಅವರನ್ನು ನೋಡಿಕೊಳ್ಳುವ ಅಮ್ಮಂದಿರಿಗೆ ವಯಸ್ಸಾಗುತ್ತಿದೆ. ಫಿಟ್ಸ್ ಮಾತ್ರೆಯ ಪ್ರಮಾಣ, ಬೆನ್ನಿನ ಹುಣ್ಣು, ತಾಯಿಯ ಖಿನ್ನತೆ, ಇವೆಲ್ಲ ಬರುವುದು ಊರಿನ ವೈದ್ಯರ ಮುಂದೆಯೇ. ಕೇರಳ 2008ರಲ್ಲೇ ಪಾಲಿಯೇಟಿವ್ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೀತಿ ತಂದಿದೆ. ಮನೆಗೆ ಹೋಗುವ ನರ್ಸ್‌ಗಳಿದ್ದಾರೆ. ಅವರ ಜೊತೆ ಸೇರಿ ಕೆಲಸ ಮಾಡುವ ಒಂದು ಗುಂಪು ಇಲ್ಲಿ ಇರಲೇಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ ಗಡಿ. 2020ರ ಲಾಕ್‌ಡೌನ್‌ನಲ್ಲಿ ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯ ದಾರಿ ಮುಚ್ಚಿದಾಗ ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದವರು ಎಷ್ಟು ಒದ್ದಾಡಿದರು ಎಂದು ಇಲ್ಲಿ ಎಲ್ಲರಿಗೂ ನೆನಪಿದೆ. ಯಾವ ಯೋಜನೆಯ ಕಾರ್ಡ್ ಗಡಿಯಾಚೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಡಯಾಲಿಸಿಸ್‌ಗೆ ಈಚೆ ಎಲ್ಲಿ ಜಾಗ ಇದೆ, ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಯಲ್ಲಿ ಏನೇನು ಬರೆಯಬೇಕು. ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಕ್ಲಿನಿಕ್‌ಗೆ ಹಂಚಿದರೂ ಅದು ದೊಡ್ಡ ಕೆಲಸವೇ. ರೋಗಿಗಳಿಗೆ ಕೊಡುವ ಹಾಳೆ ಕನ್ನಡದಲ್ಲೂ ಇರಲಿ. ಮಲಯಾಳ ಓದಲು ಬಾರದ ಹಿರಿಯರು ಈ ಕಡೆ ಜಾಸ್ತಿ.

ಹಣದ ವಿಚಾರದಲ್ಲಿ ಬಿಗಿಯಾಗಿರಿ. ಔಷಧ ಕಂಪನಿಗಳಿಂದ ವೈದ್ಯರು ಉಡುಗೊರೆ, ಪ್ರಯಾಣದ ಖರ್ಚು ಪಡೆಯಬಾರದು ಎಂದು 2002ರ ವೈದ್ಯಕೀಯ ನೀತಿ ನಿಯಮಗಳಿಗೆ 2009ರಲ್ಲೇ ಸೇರಿಸಲಾಗಿದೆ. ಚಹಾ, ತಿಂಡಿಯ ಖರ್ಚನ್ನು ಸದಸ್ಯರೇ ಹಂಚಿಕೊಳ್ಳಲಿ. ತರಬೇತಿಗೆ ಕ್ರೆಡಿಟ್ ಅಂಕ (ವೈದ್ಯರ ಮುಂದುವರಿದ ಕಲಿಕೆಗೆ ಸಿಗುವ ಅಂಕ) ಬೇಕಿದ್ದರೆ ಮೆಡಿಕಲ್ ಕೌನ್ಸಿಲ್‌ಗೆ ಮೊದಲೇ ಅರ್ಜಿ ಹಾಕಬೇಕು. ಕಾರ್ಯಕ್ರಮ ಮುಗಿದ ಮೇಲೆ ಕೇಳುವುದಲ್ಲ.

ವಾಟ್ಸ್‌ಆ್ಯಪ್ ಗುಂಪು ಹೇಗೂ ಆಗುತ್ತದೆ. ಅಲ್ಲಿ ರೋಗಿಯ ಹೆಸರು, ಮುಖ, ಮನೆಯ ಗುರುತು ಹಾಕಬೇಡಿ. ಎಕ್ಸ್‌ರೇ ಮೂಲೆಯಲ್ಲಿ ಹೆಸರು ಅಚ್ಚಾಗಿರುತ್ತದೆ, ಅದನ್ನೂ ಅಳಿಸಿ. ಸಣ್ಣ ಊರಿನಲ್ಲಿ ವಯಸ್ಸು ಮತ್ತು ಕಾಯಿಲೆ ಹೇಳಿದರೂ ಯಾರೆಂದು ಗೊತ್ತಾಗಿಬಿಡುತ್ತದೆ.

ಮೂರು ತಿಂಗಳಿಗೊಮ್ಮೆ ಸೇರಿದರೆ ಸಾಕು, ತಪ್ಪಿಸಬೇಡಿ. ವರ್ಷದ ಕೊನೆಗೆ ಒಂದು ಪುಟದ ವರದಿ, ಲೆಕ್ಕದ ಹಾಳೆ ಮಾತೃಸಂಸ್ಥೆಗೆ ಕಳಿಸಿ. ಮುಂದಿನ ಸಂಚಾಲಕರು ಯಾರೆಂದು ಅದೇ ಹೊತ್ತಿಗೆ ತೀರ್ಮಾನಿಸಿ, ಬೇರೆ ಪೇಟೆಯವರಾದರೆ ಇನ್ನೂ ಒಳ್ಳೆಯದು.