ನೆದರ್ಲ್ಯಾಂಡ್ಸ್‌ನಲ್ಲಿ ನೀರಿನ ತೆರಿಗೆ ಕಟ್ತೀರಿ, ಓಟು ಹಾಕ್ತೀರಾ?

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಮೊದಲ ವರ್ಷ ತಪ್ಪದೇ ಕೇಳುವ ಪ್ರಶ್ನೆ ಇದು: "ನೀರಿನ ಬಿಲ್ ಕಟ್ತಾನೇ ಇದ್ದೀವಲ್ಲ, ಮತ್ತೆ ಇದ್ಯಾವುದು ಇನ್ನೊಂದು?" ನಾನೂ ಕೇಳಿದ್ದೆ. ಕುಡಿಯುವ ನೀರಿನ ಕಂಪನಿಯ ಬಿಲ್ ಬೇರೆ, ಇದು ಬೇರೆ. ಇದು ವಾಟರ್‌ಸ್ಖಾಪ್, ಅಂದರೆ ಆಯಾ ಪ್ರದೇಶದ ನೀರು ನೋಡಿಕೊಳ್ಳುವ ಮಂಡಳಿಯ ತೆರಿಗೆ.

ವಾಟರ್‌ಸ್ಖಾಪ್ ಅಂದರೆ ಏನು ಅಂತ ಅಮ್ಮನಿಗೆ ಫೋನಲ್ಲಿ ಹೇಳಬೇಕಾಗಿ ಬಂದಾಗ ನನಗೆ ಹೊಳೆದದ್ದು ನೀರಗಂಟಿ. ನಮ್ಮ ಹಳ್ಳಿಗಳಲ್ಲಿ ಕೆರೆ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದನಲ್ಲ, ಅವನೇ. ಇಲ್ಲಿ ಆ ನೀರಗಂಟಿಗೆ ಕಚೇರಿ, ಎಂಜಿನಿಯರುಗಳು, ಸ್ವಂತ ತೆರಿಗೆ, ಸ್ವಂತ ಚುನಾವಣೆ ಎಲ್ಲ ಇದೆ. ದೇಶದಲ್ಲಿ ಇಂಥವು 21. ನಮ್ಮ ಕಡೆಯ ರೈನ್‌ಲಾಂಡ್ 13ನೇ ಶತಮಾನದಿಂದ ಇದೆ, ಅಂದರೆ ನೆದರ್ಲ್ಯಾಂಡ್ಸ್ ಅನ್ನೋ ದೇಶಕ್ಕಿಂತ ಹಳೆಯದು.

ನಾನಿರುವುದು ಹೋಫ್‌ಡಾರ್ಪ್‌ನಲ್ಲಿ. ಊರು ಸಮುದ್ರಮಟ್ಟಕ್ಕಿಂತ ಸುಮಾರು 4 ಮೀಟರ್ ಕೆಳಗಿದೆ. ಮೊದಲು ಇಲ್ಲಿ ದೊಡ್ಡ ಸರೋವರ ಇತ್ತು, ಉಗಿ ಪಂಪುಗಳನ್ನಿಟ್ಟು 1852ರಲ್ಲಿ ಬರಿದು ಮಾಡಿದರು, ಸ್ಕಿಪೋಲ್ ವಿಮಾನ ನಿಲ್ದಾಣವೂ ಅದೇ ಸರೋವರದ ತಳದಲ್ಲಿದೆ. ಸುತ್ತ ಕೆರೆ ಏರಿಯ ಹಾಗೆ ಮಣ್ಣಿನ ಏರಿ. ಪಂಪು ಇವತ್ತಿಗೂ ನಿಲ್ಲಿಸುವ ಹಾಗಿಲ್ಲ. ಆ ಪಂಪಿಗೆ, ಏರಿಗೆ, ಕಾಲುವೆಗೆ ತೆರಿಗೆಯ ಒಂದು ಭಾಗ ಹೋಗುತ್ತದೆ. ಇನ್ನೊಂದು ಭಾಗ ಬಚ್ಚಲು, ಅಡುಗೆಮನೆಯಿಂದ ಹೋಗುವ ಕೊಳೆ ನೀರನ್ನು ಶುದ್ಧ ಮಾಡುವುದಕ್ಕೆ. ಈ ಭಾಗವನ್ನು ಯೂನಿಟ್ ಲೆಕ್ಕದಲ್ಲಿ ಹಾಕುತ್ತಾರೆ: ಮನೆಯಲ್ಲಿ ಒಬ್ಬರೇ ಇದ್ದರೆ 1 ಯೂನಿಟ್, ಇಬ್ಬರಿದ್ದರೂ ಐವರಿದ್ದರೂ 3. ಹಾಗಾಗಿ ಹೆಂಡತಿ ಬಂದ ಮೇಲೆ ನಮ್ಮ ಆ ಭಾಗ ಮೂರು ಪಟ್ಟಾಯಿತು! ಒಬ್ಬರೇ ಉಳಿದರೆ ಕಡಿಮೆ ಮಾಡಿ ಅಂತ ಕೇಳಬಹುದು. ಆದಾಯ ತುಂಬಾ ಕಡಿಮೆ ಇದ್ದರೆ ಮನ್ನಾಕ್ಕೂ ಅರ್ಜಿ ಹಾಕಬಹುದು.

ಯಾರಿಗೆ ಫೋನ್ ಮಾಡಬೇಕು ಅನ್ನೋದೂ ಗೊತ್ತಿರಲಿ. ಒಮ್ಮೆ ಜೋರು ಮಳೆಗೆ ನಮ್ಮ ಬೀದಿಯ ಚರಂಡಿ ಉಕ್ಕಿ ನೀರು ಹೊಸ್ತಿಲ ತನಕ ಬಂತು, ನಾನು ಗಾಬರಿಯಲ್ಲಿ ಕುಡಿಯುವ ನೀರಿನವರಿಗೆ ಫೋನ್ ಮಾಡಿ ಅರ್ಧ ಗಂಟೆ ಕಳೆದೆ. ಬೀದಿ ಚರಂಡಿ ನಗರಸಭೆಯದ್ದು, ಅಂದರೆ ಖೆಮೇಂಟೆ. ಕಾಲುವೆ, ಪಂಪು ವಾಟರ್‌ಸ್ಖಾಪ್‌ನದ್ದು. ದೊಡ್ಡ ನದಿಗಳು, ಕಡಲು ಕೇಂದ್ರದ ರೈಕ್ಸ್‌ವಾಟರ್‌ಸ್ಟಾಟ್ ಕೈಯಲ್ಲಿ.

ಈಗ ಓಟಿನ ವಿಷಯ. ಪಾರ್ಲಿಮೆಂಟಿಗೆ ನಾವು ಓಟು ಹಾಕುವ ಹಾಗಿಲ್ಲ. ನಗರಸಭೆಗೆ ಹಾಕಬೇಕಾದರೆ 5 ವರ್ಷ ಇಲ್ಲಿ ಕಾನೂನುಬದ್ಧವಾಗಿ ಇದ್ದಿರಬೇಕು. ಆದರೆ ವಾಟರ್‌ಸ್ಖಾಪ್‌ಗೆ 18 ತುಂಬಿ, ವಾಸದ ಪರವಾನಗಿ ಇದ್ದು, ಆ ಪ್ರದೇಶದಲ್ಲಿ ನೋಂದಣಿ ಆಗಿದ್ದರೆ ಸಾಕು, ಭಾರತದ ಪಾಸ್‌ಪೋರ್ಟ್ ಇದ್ದರೂ ಓಟಿದೆ. 2023ರ ಮಾರ್ಚ್‌ನಲ್ಲಿ ನಡೆದಿತ್ತು, ಮುಂದಿನದು 2027ರ ಮಾರ್ಚ್‌ನಲ್ಲಿ. ಅದೇ ದಿನ ಪ್ರಾಂತ್ಯದ ಚುನಾವಣೆಯೂ ಇರುವುದರಿಂದ ಡಚ್ಚರಿಗೆ ಎರಡು ಓಟು, ನಮಗೆ ಒಂದೇ. ಮನೆಗೆ ಬರುವ ಸ್ಟೆಂಪಾಸ್ ಅನ್ನೋ ಚೀಟಿಯನ್ನು ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಬೇಡಿ, ನನ್ನ ಗೆಳೆಯ ಹಾಗೇ ಮಾಡಿದ.

ಒಂದು ಓಟಿಂದ ಏನಾಗುತ್ತೆ ಅಂತೀರಾ? ಕಾಲುವೆಯ ಪಕ್ಕ ನೀರಿನ ಮಟ್ಟ ತೋರಿಸೋಕೆ ಅಂಕಿ ಬರೆದ ಒಂದು ಪಟ್ಟಿ ನೆಟ್ಟಿರುತ್ತದೆ, ನೋಡಿರಬಹುದು. ನೀರು ಎಷ್ಟಿರಬೇಕು ಅನ್ನೋದೇ ಇಲ್ಲಿ ರಾಜಕೀಯ. ಜೌಗು ಮಣ್ಣಿನ ಕಡೆ ರೈತರಿಗೆ ಟ್ರ್ಯಾಕ್ಟರ್ ಹೂತುಹೋಗದ ಹಾಗೆ ನೀರು ಕೆಳಗಿರಬೇಕು. ಆದರೆ ನೀರು ಇಳಿದಷ್ಟೂ ಆ ಮಣ್ಣು ಒಣಗಿ ಕುಸಿಯುತ್ತದೆ, ಇಂಗಾಲ ಬಿಡುತ್ತದೆ, ಹಳೆ ಮನೆಗಳ ಅಡಿಯ ಮರದ ಕಂಬಗಳಿಗೆ ಗಾಳಿ ತಾಗಿ ಕೊಳೆಯುತ್ತವೆ. ವಾಟರ್‌ಸ್ಖಾಪ್‌ನ ಆಡಳಿತ ಮಂಡಳಿಯಲ್ಲಿ ರೈತರಿಗೆ 2, ಪ್ರಕೃತಿ ಸಂರಕ್ಷಣೆಯವರಿಗೆ 2 ಸೀಟು ಮೀಸಲು. ಉಳಿದವರನ್ನು ನಾವೇ ಆರಿಸುವುದು.

ಇನ್ನು ಕಡಲಿಗೆ ಡಚ್ಚರ ಉತ್ತರ ಹೆಚ್ಚಾಗಿ ಮರಳು. 1953ರ ಪ್ರವಾಹದಲ್ಲಿ 1836 ಜನ ಸತ್ತ ಮೇಲೆ ದೊಡ್ಡ ಅಡ್ಡಗಟ್ಟೆಗಳನ್ನು ಕಟ್ಟಿದರು ನಿಜ, ಆದರೆ ಮರಳಿನ ತೀರಕ್ಕೆ ಸಮುದ್ರದಿಂದಲೇ ಮರಳು ತೆಗೆದು ಸುರಿಯುತ್ತಾರೆ. 2011ರಲ್ಲಿ ಹೇಗ್‌ನ ದಕ್ಷಿಣಕ್ಕೆ ಒಂದೇ ಕಡೆ 2 ಕೋಟಿ 15 ಲಕ್ಷ ಘನ ಮೀಟರ್ ಮರಳು ಹಾಕಿ, ಅಲೆ ಗಾಳಿಯೇ ಅದನ್ನು ಹಂಚಲಿ ಅಂತ ಬಿಟ್ಟರು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಲಾರಿಯಲ್ಲಿ ಬಂಡೆ ತಂದು ಹಾಕುವುದನ್ನು ನೋಡಿ ಬೆಳೆದ ನನಗೆ ಅಲ್ಲಿ ನಿಂತಾಗ ಹೊಟ್ಟೆಯುರಿದದ್ದು ಸುಳ್ಳಲ್ಲ. ಈ ವಿದ್ಯೆ ಕಲಿಯಬೇಕು ಅನ್ನೋ ಎಂಜಿನಿಯರುಗಳಿಗೆ ಡೆಲ್ಫ್ಟ್ ಊರಿನಲ್ಲಿ ಐಎಚ್‌ಇ ಅನ್ನೋ ನೀರಿನ ವಿದ್ಯೆಯ ಸಂಸ್ಥೆ ಇದೆ. ಪೂರ್ವ ಪಾಕಿಸ್ತಾನದ ಎಂಜಿನಿಯರುಗಳಿಗೆ ತರಬೇತಿ ಕೊಡಿ ಅನ್ನೋ ಕೋರಿಕೆಯಿಂದ 1957ರಲ್ಲಿ ಶುರುವಾದದ್ದು.

ಮನೆ ಕೊಳ್ಳುವವರು 'ಓವರ್‌ಸ್ಟ್ರೋಮ್ ಇಕ್' ಅನ್ನೋ ಸರ್ಕಾರಿ ತಾಣದಲ್ಲಿ ಪಿನ್‌ಕೋಡ್ ಹಾಕಿ. ಏರಿ ಒಡೆದರೆ ಎಷ್ಟು ನೀರು ಬರಬಹುದು, ಯಾವ ಮಹಡಿ ಒಣಗಿರುತ್ತದೆ ಅಂತ ತೋರಿಸುತ್ತದೆ. ಸಮುದ್ರದ ಏರಿ ಒಡೆದು ಬಂದ ನೀರು ಸಾಮಾನ್ಯವಾಗಿ ಮನೆ ವಿಮೆಯಲ್ಲಿ ಸೇರುವುದಿಲ್ಲ. ಇದನ್ನು ಬ್ರೋಕರ್ ತಾನಾಗಿ ಹೇಳಲ್ಲ, ನೀವೇ ಕೇಳಿ.